ಬಿಕ್ಕಳಿಕೆಯಿಲ್ಲದ ಹಾಡುಗಾರ

ನಮ್ಮೂರಿನಲ್ಲಿ ನನ್ನಷ್ಟು ಗಟ್ಟಿ ಕೈಯ ಕ್ಷೌರಿಕ ಇನ್ನೊಬ್ಬನಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅದನ್ನು ಹೊಗಳಿಕೆ ಎಂದು ತಿಳಿದು ನಾನು ಬಹಳ ಕಾಲ ಬೀಗಿದೆ. ಒಂದು ಬೆಳಿಗ್ಗೆ ಪರಶಿವಯ್ಯ ಮೇಷ್ಟ್ರು ಕುರ್ಚಿಯಲ್ಲಿ ಕುತ್ತಿಗೆ ಒಡ್ಡಿಕೊಂಡು ಕೂತಿದ್ದಾಗ ಅದರ ಕಾರಣವನ್ನೂ ಬಿಡಿಸಿ ಹೇಳಿದರು. ಊರಿನ ಉಳಿದ ಕಟಿಂಗ್ ಶಾಪಿನವರೆಲ್ಲ ಒಂದೊಂದು ಹಾಡು ಕಟ್ಟಿದ್ದಾರಂತೆ, ಜನ ಅದನ್ನು ಹೊತ್ತುಗೊತ್ತಿಲ್ಲದೆ ಕೇಳುತ್ತಾರಂತೆ. "ನಿನ್ನ ಹಾಡು ಯಾರೂ ಕೇಳಲ್ವಲ್ಲ ರಂಗ, ಅದಕ್ಕೇ ಧೈರ್ಯವಾಗಿ ನಿನ್ ಹತ್ರ ಬರ್ತೀವಿ" ಎಂದರು. ಮೇಷ್ಟ್ರು ನಲವತ್ತು ವರ್ಷ ಪಾಠ ಹೇಳಿದವರು, ವಿಷಯ ಮನದಟ್ಟಾಗುವ ಹಾಗೆ ಹೇಳುವುದು ಅವರಿಗೆ ಗೊತ್ತು.

ನಮ್ಮೂರಿನಲ್ಲಿ ಯಾರಾದರೂ ಒಂದು ಹಾಡನ್ನು ಫೋನಿನಲ್ಲಿ ಹಾಕಿ ಕೇಳಿದರೆ, ಆ ಹಾಡು ಯಾರದೋ ಅವರಿಗೆ ಬಿಕ್ಕಳಿಕೆ ಬರುತ್ತದೆ. ಒಂದು ಜೋಡಿ ಕಿವಿಗೆ ಒಂದು ಬಿಕ್ಕಳಿಕೆ. ಎದುರಿಗೆ ನಿಂತು ಬಾಯಾರೆ ಹಾಡಿದ್ದು ಲೆಕ್ಕಕ್ಕಿಲ್ಲ. ನಮ್ಮ ಹಾಡನ್ನು ನಾವೇ ಕೇಳಿಕೊಂಡರೂ ಬರುವುದಿಲ್ಲ. ಇದನ್ನು ನಾನು ಎಷ್ಟೋ ಸಲ ಪರೀಕ್ಷಿಸಿ ನೋಡಿದ್ದೇನೆ. ಹೆಂಡತಿ ಇಂದ್ರಮ್ಮನಿಗೆ ಒಂದು ದಿನ ಹಬ್ಬದ ಸೀರೆ ಕೊಡಿಸಿ ಒಪ್ಪಿಸಿ, ನನ್ನ ‘ಅನಂತದ ಅಂಗಳ’ ಎಂಬ ಹಾಡನ್ನು ಕೇಳಲು ಕೊಟ್ಟು ಹಿತ್ತಲಿನಲ್ಲಿ ಕಾದು ನಿಂತೆ. ಗಂಟಲಲ್ಲಿ ಏನೋ ಎದ್ದ ಹಾಗಾಗಿ ಅರ್ಧಕ್ಕೇ ಅಡಗಿತು. ಒಳಗೆ ಬಂದು ನೋಡಿದರೆ ಅವಳು ಫೋನನ್ನು ಪಕ್ಕಕ್ಕಿಟ್ಟು ಅವರೆಕಾಳು ಬಿಡಿಸುತ್ತಿದ್ದಳು.

ಹಾಡುಗಳನ್ನು ಹಾಕುವ ಜಾಗದ ಹೆಸರು ‘ಬಿಡಿಹಾಡು’. ಬಸ್ ಸ್ಟ್ಯಾಂಡಿನ ಪಕ್ಕ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಶಕೀಲಾ ಕಟ್ಟಿದ ಆ್ಯಪ್ ಅದು. ಅದರಲ್ಲಿ ಸಿನಿಮಾದ್ದಿಲ್ಲ, ಕಂಪನಿಗಳದ್ದಿಲ್ಲ. ತಾವೇ ಕಟ್ಟಿ, ತಾವೇ ಹಾಡಿ, ಯಾರಿಗೂ ಮಾರದೆ ಇಟ್ಟುಕೊಂಡವರ ಹಾಡು ಮಾತ್ರ ಇರುತ್ತದೆ. ಹಾಡು ಕೊಡಲು ಹೋದವರನ್ನು ಶಕೀಲಾ ರಾಗ ಯಾವುದು, ತಾಳ ಯಾವುದು ಎಂದು ಕೇಳುವುದಿಲ್ಲ. ಯಾವ ಹೊತ್ತಿನಲ್ಲಿ ಮುಚ್ಚಬೇಕು ಎಂದು ಕೇಳುತ್ತಾಳೆ. ಬಸ್ ಡ್ರೈವರನ ಹಾಡು ಬಸ್ಸು ಓಡುವ ಹೊತ್ತು ಮುಚ್ಚಿರುತ್ತದೆ. ದೇವಸ್ಥಾನದ ಅರ್ಚಕರದ್ದು ಮಂಗಳಾರತಿಯ ಹೊತ್ತು. ಊಟದ ಹೊತ್ತಿಗೆ ಇಡೀ ಆ್ಯಪ್ ಬಾಗಿಲು ಹಾಕಿಕೊಳ್ಳುತ್ತದೆ. ಹೂವಿನಂಗಡಿಯ ಒಬ್ಬಾಕೆಯ ಹಾಡು ಎಷ್ಟು ಹಬ್ಬಿತೆಂದರೆ, ತುತ್ತು ಗಂಟಲಲ್ಲಿ ಇಳಿಯದೆ ಆಕೆ ಒಂದು ಮಳೆಗಾಲದಲ್ಲಿ ಅರ್ಧಕ್ಕರ್ಧ ಇಳಿದುಹೋದಳು. ಆ ನಿಯಮ ಆಕೆಯಿಂದ ಬಂದದ್ದು. ಈಗಲೂ ಆಕೆ ಹೂ ಕಟ್ಟುತ್ತಾ ಬಿಕ್ಕಳಿಸುವುದನ್ನು ದೂರದಿಂದ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನಾನು ಹೋದಾಗ ಶಕೀಲಾ ತಾನಾಗಿಯೇ, "ಕತ್ತಿ ಹಿಡಿಯೋರು ನೀವು, ಅಂಗಡಿ ಹೊತ್ತು ಮುಚ್ಚಿಬಿಡ್ಲಾ ಅಣ್ಣ?" ಎಂದಳು. ನಾನು ಕೈ ಅಡ್ಡ ಹಿಡಿದೆ. ಕೇಳಲು ಬಂದವರು ಬಾಗಿಲಿನಿಂದ ಹಿಂದೆ ಹೋಗಬಾರದು, ದಿನವಿಡೀ ತೆರೆದಿರಲಿ ಎಂದೆ. ಅವಳು ನನ್ನ ಹೆಸರಿನ ಮುಂದೆ ‘ಸದಾ ತೆರೆದಿದೆ’ ಎಂದು ಹಾಕಿದಳು. ಹಾಗೆ ನಾನು ಸದಾ ತೆರೆದುಕೊಂಡು ಎರಡು ವರ್ಷ ಕೂತೆ. ಒಳಗೆ ನೊಣವೂ ಬರಲಿಲ್ಲ.

ಹಾಡುಗಳಾದರೂ ಎಂಥವು ಎನ್ನುತ್ತೀರಿ. ‘ಅನಂತದ ಅಂಗಳ’, ‘ಶೂನ್ಯವೇ ನೀನಾರು’, ‘ಕಾಲದ ಕಮ್ಮಟ’. ಒಂದೊಂದರಲ್ಲೂ ಬ್ರಹ್ಮಾಂಡ ಇತ್ತು. ಪ್ರಾಸಕ್ಕಾಗಿ ನಾನು ನಿಘಂಟನ್ನೇ ಅರೆದು ಕುಡಿದಿದ್ದೆ. ಅವುಗಳ ನಡುವೆ ಒಂದು ಅಪಸ್ವರವೂ ಸೇರಿಕೊಂಡಿತ್ತು. ಕೂದಲು ಕತ್ತರಿಸಲು ಬಂದ ಮಕ್ಕಳು ಅತ್ತು ರಂಪ ಮಾಡುವಾಗ ಸುಮ್ಮನಿರಿಸಲು ನಾನು ಬಾಯಿಗೆ ಬಂದದ್ದನ್ನು ಹಾಡುತ್ತಿದ್ದೆ. ‘ಅಲ್ಲಾಡಬ್ಯಾಡ, ಅಲ್ಲಾಡಬ್ಯಾಡ, ಕೂದ್ಲು ನಂಗೆ, ಕಿವಿ ನಿಂಗೆ’ ಎಂಬಷ್ಟೇ ಅದರ ಸಾಹಿತ್ಯ. ಹಿಂದೆ ಕತ್ತರಿಯ ಕಚಕಚ. ಯಾವಾಗಲೋ ಫೋನಿನಲ್ಲಿ ಹಿಡಿದಿಟ್ಟಿದ್ದ ಅದು, ‘ಕಾಲದ ಕಮ್ಮಟ’ ಕಳಿಸುವಾಗ ನನ್ನ ಹೆಬ್ಬೆಟ್ಟು ತಪ್ಪಿ ಜೊತೆಯಲ್ಲಿ ಹೋಗಿಬಿಟ್ಟಿತು. ತೆಗೆಸಬೇಕು ಎಂದುಕೊಂಡೆ. ಹೇಗೂ ಯಾರೂ ಕೇಳುವುದಿಲ್ಲವಲ್ಲ ಎಂದು ಬಿಟ್ಟೆ.

ಮಳೆಗಾಲ ಕಳೆದ ಒಂದು ದಿನ, ಹೊತ್ತೇರಿದ ಮೇಲೆ, ಮೇಷ್ಟ್ರ ಗಲ್ಲಕ್ಕೆ ನೊರೆ ಹಚ್ಚಿ ಕತ್ತಿ ಎಳೆಯುತ್ತಿದ್ದಾಗ ನನಗೆ ಬಿಕ್ಕಳಿಕೆ ಬಂತು. ಬಂದದ್ದು ಒಂದಲ್ಲ. ಪಟಾಕಿ ಸರಕ್ಕೆ ಬೆಂಕಿ ಹಚ್ಚಿದಂತೆ ಒಂದರ ಬೆನ್ನಿಗೆ ಒಂದು ಬಂದವು. ಕತ್ತಿ ಜಾರಿ ಮೇಷ್ಟ್ರ ದವಡೆಯ ಕೆಳಗೆ ಗೆರೆ ಎದ್ದು ರಕ್ತ ಬಂತು. ನಾನು ಪಟಿಕ ಒತ್ತಿ ಕ್ಷಮೆ ಕೇಳಬೇಕಿತ್ತು. ಕತ್ತಿಯನ್ನು ಮೇಲೆತ್ತಿ ಹಿಡಿದುಕೊಂಡು, "ಯಾರೋ ಕೇಳ್ತಾ ಅವ್ರೆ ಮೇಷ್ಟ್ರೇ, ಗುಂಪೇ ಕೂತು ಕೇಳ್ತಾ ಅವ್ರೆ" ಎಂದೆ. ಮೇಷ್ಟ್ರು ಟವಲಿನಿಂದ ಗಲ್ಲ ಒತ್ತಿಕೊಂಡು ಎದ್ದು, ಒಳ್ಳೆಯದಾಯಿತು ಎಂದು ಹರಸಿ, ಉಳಿದ ಗಡ್ಡವನ್ನು ಮುಗಿಸಿಕೊಳ್ಳದೆ ಮನೆಗೆ ಹೋದರು.

ಮರುದಿನ ಅದೇ ಹೊತ್ತಿಗೆ ಮತ್ತೆ ಬಂತು. ಅದರ ಮರುದಿನವೂ ಬಂತು. ಒಮ್ಮೆ ಶುರುವಾದರೆ ಸಂಜೆಯವರೆಗೆ ಬಿಟ್ಟು ಬಿಟ್ಟು ಬರುತ್ತಿತ್ತು. ‘ಅನಂತದ ಅಂಗಳ’ವನ್ನು ಅರ್ಥ ಮಾಡಿಕೊಳ್ಳುವ ಮಂಡಳಿಯೊಂದು ಊರಿನಲ್ಲಿ ಹುಟ್ಟಿಕೊಂಡಿದೆ, ದಿನವೂ ಸೇರಿ ಕೇಳಿ ಚರ್ಚೆ ಮಾಡುತ್ತಿದೆ ಎಂದು ನಾನು ಸಿಕ್ಕವರಿಗೆಲ್ಲ ಹೇಳಿದೆ. ಚಹಾದಂಗಡಿಯಲ್ಲಿ ಜನ ಎದ್ದು ಜಾಗ ಕೊಟ್ಟರು. ಬಿಕ್ಕಳಿಸುವವರಿಗೆ ಮೊದಲು ನೀರು ಕೊಡುವುದು ನಮ್ಮೂರಿನ ಮರ್ಯಾದೆ; ನಾನು ಬಾಯಾರಿಕೆ ಇಲ್ಲದಿದ್ದರೂ ಕುಡಿದೆ. ಆದರೆ ಹೀಗೆ ಎದ್ದು ಜಾಗ ಕೊಟ್ಟವರು, ನೀರು ಕೊಟ್ಟವರು, ಯಾರೂ ನನ್ನ ಕುರ್ಚಿಯಲ್ಲಿ ಬಂದು ಕೂರಲಿಲ್ಲ. ಅಂಗಡಿಯ ಮುಂದೆ ಹೋಗುವಾಗ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದರು, ಇನ್ನೊಂದು ಕೈಯಲ್ಲಿ ಕುತ್ತಿಗೆ ಸವರಿಕೊಳ್ಳುತ್ತಿದ್ದರು.

ಇಂದ್ರಮ್ಮ ಮೊದಮೊದಲು ನಕ್ಕಳು. ಆಮೇಲೆ ಬೆಳಿಗ್ಗೆಯ ಉಪ್ಪಿಟ್ಟು ಗಂಜಿಯಾಯಿತು, ಅವಳ ನಗು ನಿಂತಿತು. ಶಕೀಲಾಳ ಹತ್ತಿರ ಹೋಗಿ ಹಗಲು ಹೊತ್ತು ಮುಚ್ಚಿಸಿ ಬಾ ಎಂದಳು. ನಾನು ಹೋದೆ, ಆದರೆ ಮುಚ್ಚಿಸುವುದಕ್ಕಲ್ಲ, ಯಾವ ಮಂಡಳಿ ಎಂದು ತಿಳಿಯುವುದಕ್ಕೆ. ಕೇಳಿದವರು ಯಾರು ಎಂದು ಶಕೀಲಾ ಯಾರಿಗೂ ಹೇಳುವುದಿಲ್ಲ, ಅದು ಅವಳ ಕಟ್ಟುನಿಟ್ಟು. ಯಾವ ಹಾಡು ಎಂದು ಮಾತ್ರ ಹೇಳುತ್ತಾಳೆ. ಫೋನು ನೋಡಿ, ತುಟಿ ಕಚ್ಚಿಕೊಂಡು, "ಆ ಕೂದ್ಲು ನಂಗೆ ಅನ್ನೋದು ಅಣ್ಣ" ಎಂದಳು. ಬೇರೆ ಯಾವುದೂ ಇಲ್ಲವೇ ಎಂದು ನಾನು ಕೇಳಿದೆ. ಅವಳು ನನ್ನ ಮುಖ ನೋಡದೆ ಒಂದು ಸ್ಕ್ರೂ ಬಿಗಿಯತೊಡಗಿದಳು. ನಾಚಿಕೆಯಿಂದ ನನಗೆ ಕಿವಿ ಬಿಸಿಯಾಯಿತು. ದಾರಿಯಲ್ಲಿ ಬರುತ್ತಾ ಸಮಾಧಾನ ಮಾಡಿಕೊಂಡೆ: ಇದು ಯಾವುದೋ ಅಂಗನವಾಡಿಯ ಕೆಲಸ, ಮುಂದಿನ ತಲೆಮಾರು ನನ್ನನ್ನು ಗುರುತಿಸಿದೆ, ಇವತ್ತು ಇದನ್ನು ಕೇಳಿದ ಮಕ್ಕಳು ನಾಳೆ ದೊಡ್ಡವರಾಗಿ ‘ಶೂನ್ಯವೇ ನೀನಾರು’ ಎಂಬಲ್ಲಿಗೆ ಬಂದೇ ಬರುತ್ತಾರೆ.

ಆ ವಾರವೇ ದಿನಕರ ಎಂಬವನು ನನ್ನನ್ನು ಹುಡುಕಿಕೊಂಡು ಬಂದ. ಹಾಡುಗಳನ್ನು ಕೊಳ್ಳುವ ದೊಡ್ಡ ಕಂಪನಿಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಯಾರೋ ಬಿಕ್ಕಳಿಸಿ ಬಿಕ್ಕಳಿಸಿ ಅಂಗಡಿ ಮುಚ್ಚುವ ಹಂತಕ್ಕೆ ಬಂದರೆ ಇವನಿಗೆ ಹೇಗೋ ವಾಸನೆ ಹೊಡೆಯುತ್ತದೆ. ಹಾಡನ್ನು ಕಂಪನಿಗೆ ಬರೆದುಕೊಟ್ಟರೆ ಬಿಕ್ಕಳಿಕೆಯೂ ಅದರ ಜೊತೆ ಹೋಗುತ್ತದೆ, ನಾಳೆಯಿಂದ ನಿಶ್ಚಿಂತೆಯಾಗಿ ಕತ್ತಿ ಹಿಡಿಯಬಹುದು ಎಂದ. ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಕಂಪನಿಯಲ್ಲಿ ಅದಕ್ಕೆಂದೇ ಸಂಬಳ ಕೊಟ್ಟು ಒಬ್ಬ ಗುಮಾಸ್ತನನ್ನು ಇಟ್ಟಿದ್ದಾರಂತೆ. ಎಲ್ಲ ಹಾಡುಗಳೂ ಕಾಗದದ ಮೇಲೆ ಅವನ ಹೆಸರಿಗಿವೆ. ಅವನು ಒಂದು ಕೋಣೆಯಲ್ಲಿ ಹೂಜಿ ಇಟ್ಟುಕೊಂಡು ಕೂತು, ಬೆಳಿಗ್ಗೆಯಿಂದ ಸಂಜೆಯವರೆಗೆ ಎಲ್ಲರ ಬಿಕ್ಕಳಿಕೆಯನ್ನೂ ಬಿಕ್ಕಳಿಸುತ್ತಾನೆ. ತಿಂಡಿ ಕಾಫಿ ಕಂಪನಿಯದೇ.

ಇಂದ್ರಮ್ಮ ಒಳಗಿನಿಂದ ಪೆನ್ನು ತಂದು ನನ್ನ ಕೈಗೆ ಕೊಟ್ಟಳು. ನಾನು ಕಾಗದದ ಮೇಲೆ ಬಗ್ಗಿದೆ. ಬಗ್ಗಿದವನಿಗೆ ಏನೋ ಅನ್ನಿಸಿ, "ಆ ಗುಮಾಸ್ತರು ನನ್ನ ಹಾಡು ಕೇಳಿರ್ತಾರಾ?" ಎಂದೆ.

"ಅವ್ರ್ಯಾಕೆ ಕೇಳ್ಬೇಕು ಸ್ವಾಮಿ? ಅವ್ರಿಗೆ ಕಿವಿನೂ ಅಷ್ಟಕ್ಕಷ್ಟೇ" ಎಂದ ದಿನಕರ.

ನಾನು ಪೆನ್ನನ್ನು ಮುಚ್ಚಿ ಇಂದ್ರಮ್ಮನಿಗೆ ವಾಪಸ್ಸು ಕೊಟ್ಟೆ. ಇದರಲ್ಲಿ ತತ್ವ ಗಿತ್ವ ಏನೂ ಇರಲಿಲ್ಲ. ಎರಡು ವರ್ಷ ಕಾದು ಬಂದ ಬಿಕ್ಕಳಿಕೆ, ಅದನ್ನು ಇನ್ನೊಬ್ಬನ ಗಂಟಲಿಗೆ ಬಿಡಲು ನನಗೆ ಮನಸ್ಸು ಬರಲಿಲ್ಲ, ಅಷ್ಟೇ. ದಿನಕರ ಕಾಗದ ಮಡಿಸಿಕೊಂಡು, ಹಸಿವು ಜೋರಾದಾಗ ಹೇಳಿ ಕಳಿಸಿ ಎಂದು ಹೋದ. ಇಂದ್ರಮ್ಮ ರೇಗಲಿಲ್ಲ, ಅದು ಇನ್ನೂ ಕೆಟ್ಟದ್ದು. "ಮಾರ್‌ಬ್ಯಾಡ, ಮುಚ್ಚಿಸ್‌ಬ್ಯಾಡ. ಕೇಳೋರು ಯಾರು ಅಂತ ಹುಡ್ಕಿ, ಸಂಜೆ ಮೇಲೆ ಕೇಳ್ಕಳಿ ಅಂತನಾದ್ರೂ ಹೇಳ್ಬಾ. ಅದನ್ನೂ ಮಾಡ್ದಿದ್ರೆ ನಾನು ಅಕ್ಕನ ಮನೆಗೆ ಹೋಯ್ತೀನಿ" ಎಂದಳು. ಅವಳ ಅಕ್ಕನ ಗಂಡ ಹಾಡುವುದಿಲ್ಲ.

ಮರುದಿನ ಅಂಗಡಿಗೆ ಬೀಗ ಹಾಕಿ ಹೊರಟೆ. ಮೊದಲು ಅಂಗನವಾಡಿಗೆ ಹೋದೆ. ಮಕ್ಕಳೆಲ್ಲ ಚಾಪೆಯ ಮೇಲೆ ಸಾಲಾಗಿ ಮಲಗಿದ್ದವು, ಯಾರೂ ಏನೂ ಕೇಳುತ್ತಿರಲಿಲ್ಲ, ನಾನು ಮಾತ್ರ ಬಿಕ್ಕಳಿಸುತ್ತಾ ಕಿಟಕಿಯಲ್ಲಿ ನಿಂತಿದ್ದೆ. ಟೀಚರು ಬಂದು, ಮಕ್ಕಳು ಏಳುತ್ತವೆ ಆಚೆ ಹೋಗಿ ಎಂದರು. ಬೀದಿ ಬೀದಿ ಸುತ್ತಿದೆ. ಊರು ಮುಗಿದು ಕೆರೆಯ ಏರಿ ಹತ್ತಿದಾಗ, ಕೆಳಗಿನ ಜಾಲಿ ಮರದ ಕಡೆಯಿಂದ ನನ್ನದೇ ದನಿ ಕೇಳಿಸಿತು. ‘ಅಲ್ಲಾಡಬ್ಯಾಡ, ಅಲ್ಲಾಡಬ್ಯಾಡ.’ ತಲೆ ಬಾಚಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಅಭಿಮಾನಿಗಳನ್ನು ಕಾಣಲು ಇಳಿದು ಹೋದೆ.

ಮರದ ಕೆಳಗೆ ಕುರಿಗಳಿದ್ದವು. ಒಂದು ಹಿಂಡು ಕುರಿ ನೆರಳಲ್ಲಿ ಒತ್ತೊತ್ತಾಗಿ ನಿಂತು, ಕೊಂಬೆಗೆ ನೇತುಹಾಕಿದ ಫೋನಿನ ಕಡೆ ಕಿವಿ ಮಾಡಿದ್ದವು. ನಡುವೆ ಒಬ್ಬ ಹೆಂಗಸು ಒಂದು ಕುರಿಯನ್ನು ಮಗ್ಗುಲಾಗಿ ಮಲಗಿಸಿಕೊಂಡು ದೊಡ್ಡ ಕತ್ತರಿಯಲ್ಲಿ ಉಣ್ಣೆ ತೆಗೆಯುತ್ತಿದ್ದಳು. ಕುರಿ ಕಣ್ಣು ಅರೆ ಮುಚ್ಚಿ ಹಾಯಾಗಿ ಬಿದ್ದುಕೊಂಡಿತ್ತು. ಇದೇ ನನ್ನ ಮಂಡಳಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನೆಲ ಬಾಯಿ ಬಿಡಬಾರದೇ ಎಂದು ನೋಡಿದೆ, ಬಿಡಲಿಲ್ಲ.

ಹೆಂಗಸಿನ ಹೆಸರು ಮಾಳಮ್ಮ. ದಾರಿಹೋಕನ ಹಾಗೆ ನಿಂತು ಮಾತಾಡಿಸಿದೆ. ಊರಿನ ಕುರಿಗಳ ಉಣ್ಣೆ ಕತ್ತರಿಸುವುದು ಅವಳ ಗಂಡನ ಕೆಲಸವಾಗಿತ್ತಂತೆ. ಹೋದ ಬೇಸಿಗೆಯಲ್ಲಿ ಅವನು ತೀರಿಕೊಂಡ. ಕೆಲಸ ಕೈತಪ್ಪಬಾರದೆಂದು ಇವಳು ಕತ್ತರಿ ಹಿಡಿದಳು. ಹೊಸ ಕೈ ಎಂದು ಕುರಿಗಳಿಗೆ ಗೊತ್ತಾಗಿ ಒದ್ದಾಡುತ್ತಿದ್ದವು, ಒದ್ದಾಡಿದರೆ ಚರ್ಮಕ್ಕೆ ಕತ್ತರಿ ತಗಲುತ್ತಿತ್ತು. ಇನ್ನೊಂದು ಕುರಿಗೆ ಗಾಯವಾದರೆ ಬೇರೆಯವರನ್ನು ಕರೆಸುತ್ತೇವೆ ಎಂದು ಕುರಿ ಯಜಮಾನರು ಹೇಳಿಬಿಟ್ಟಿದ್ದರು. ಯಾವ ಯಾವುದೋ ಹಾಡು ಹಾಕಿ ನೋಡಿದಳಂತೆ. "ಹೂವಿನಂಗಡಿಯಮ್ಮಂದು ಹಾಕಿದ್ರೆ ಹೊಂಟೇ ಹೋಗವು ಕಣಣ್ಣೋ. ಇದಕ್ಕೆ ಮಾತ್ರ ನಿಂತ್ಕತವೆ" ಎಂದಳು.

ಹೂವಿನಂಗಡಿಯವಳ ಹಾಡಿಗೆ ಕುರಿಗಳು ಓಡಿಹೋದವು ಎಂದು ಕೇಳಿ ನನಗೆ ಆ ಸ್ಥಿತಿಯಲ್ಲೂ ಆದ ಸಂತೋಷವನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಅಷ್ಟರಲ್ಲಿ ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಬಾಯಿ ಬಿಗಿ ಹಿಡಿದು ನೋಡಿದೆ, ಆಗಲಿಲ್ಲ. ಬಿಕ್ಕಳಿಕೆಗಳು ಸಾಲುಗಟ್ಟಿ ಬಂದವು. ಮಾಳಮ್ಮ ಕತ್ತರಿ ನಿಲ್ಲಿಸಿ ನನ್ನನ್ನು ನೋಡಿದಳು, ಫೋನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಎದ್ದು ಹೋಗಿ ಹಾಡನ್ನು ನಿಲ್ಲಿಸಿದಳು.

"ನೀವೇನಾ ಅದು? ಕಟಿಂಗ್ ಶಾಪಿನೋರಲ್ವಾ ನೀವು?" ಎಂದಳು. ಕತ್ತಿ ಹಿಡಿಯುವವನಿಗೆ ಹಗಲೆಲ್ಲ ಬಿಕ್ಕಳಿಕೆ ಬರಿಸಿದೆನಲ್ಲ ಎಂದು ತಲೆಯ ಮೇಲೆ ಕೈ ಹೊತ್ತಳು. ಸದಾ ತೆರೆದಿದೆ ಎಂದು ಬರೆದಿತ್ತು, ಯಾರೋ ಕೆಲಸವಿಲ್ಲದವರು ಇರಬೇಕು ಎಂದುಕೊಂಡಿದ್ದಳಂತೆ. ಸಂಜೆ ಮೇಲೆ ಕೇಳಿ ಎಂದು ಹೇಳಲು ನಾನು ಬಾಯಿ ತೆರೆದೆ. ಸಂಜೆ ಬೆಳಕಿರುವುದಿಲ್ಲ, ಉಣ್ಣೆ ಕತ್ತರಿಸಲಾಗುವುದಿಲ್ಲ ಎಂಬುದು ಆಗ ಹೊಳೆಯಿತು. ಅವಳೇ, ನಾಳೆಯಿಂದ ಹಾಕುವುದಿಲ್ಲ, ನಿಮ್ಮ ಅನ್ನಕ್ಕೆ ಕಲ್ಲು ಹಾಕಿ ನನಗೆ ಬದುಕುವುದು ಬೇಡ ಎಂದಳು. ನಾನು ದೊಡ್ಡ ಮನುಷ್ಯನ ಹಾಗೆ, ಆಗಲಿ ಬಿಡವ್ವ ಎಂದು ಹೇಳಿ ಏರಿ ಹತ್ತಿದೆ.

ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಇಂದ್ರಮ್ಮ ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು, ಹಾಗಾಗಿ ನಾನೂ ಸೇರಿಕೊಂಡೆ. ಮರುದಿನ ಬೆಳಿಗ್ಗೆ ಅಂಗಡಿಯ ಬೆಂಚು ತುಂಬಿತು. ಬಂದವರೆಲ್ಲ ಒಂದು ಸಲವಾದರೂ ಕುರಿಯ ಹಾಗೆ ಅರಚಿ ಕೂತರು, ನಾನು ತಲೆ ತಗ್ಗಿಸಿ ಎಲ್ಲರ ಗಡ್ಡ ಬೋಳಿಸಿದೆ. ಹೊತ್ತೇರಿದ ಮೇಲೆ ಮೇಷ್ಟ್ರು ಬಂದು ಕೂತರು. ನೊರೆ ಹಚ್ಚಿ ಒಂದು ಕಡೆಯ ಕೆನ್ನೆ ಮುಗಿಸಿದೆ.

ಆಗ ದಿನವೂ ಬಿಕ್ಕಳಿಕೆ ಬರುತ್ತಿದ್ದ ಹೊತ್ತಾಯಿತು. ಬರಲಿಲ್ಲ. ಇನ್ನೂ ಸ್ವಲ್ಪ ಕಾದೆ. ಕತ್ತಿಯನ್ನು ಚರ್ಮದ ಪಟ್ಟಿಗೆ ಮತ್ತೆ ಮತ್ತೆ ಉಜ್ಜುತ್ತಾ ನಿಂತೆ. ಗಂಟಲು ತಣ್ಣಗಿತ್ತು. ಮಾಳಮ್ಮ ಮಾತಿಗೆ ತಪ್ಪುವ ಹೆಂಗಸಲ್ಲ. ಹಾಗಿದ್ದರೆ ಈಗ ಅಲ್ಲಿ ಒಂದು ಕುರಿ ಒದ್ದಾಡುತ್ತಿದೆ, ಅವಳ ಕತ್ತರಿ ಜಾರುತ್ತಿದೆ ಎಂದು ಅನ್ನಿಸಿತು. ಬ್ರಹ್ಮಾಂಡದ ಮೇಲೆ ಅಷ್ಟೊಂದು ಹಾಡು ಕಟ್ಟಿದವನು ನಾನು. ಅವುಗಳಲ್ಲಿ ಒಂದರಿಂದಲೂ ಯಾರಿಗೂ ಏನೂ ಆಗಿರಲಿಲ್ಲ, ನಿಲ್ಲಿಸಿದರೂ ಏನೂ ಆಗುತ್ತಿರಲಿಲ್ಲ. ಈ ಒಂದನ್ನು ನಿಲ್ಲಿಸಿದರೆ ಅವಳ ಕೆಲಸ ಹೋಗುತ್ತದೆ. ನನಗೆ ಕುರ್ಚಿಯ ಪಕ್ಕ ನಿಲ್ಲಲಾಗಲಿಲ್ಲ. ಮೇಷ್ಟ್ರು ಕನ್ನಡಿಯಲ್ಲಿ ನನ್ನನ್ನು ನೋಡಿ ಏನಾಯಿತೋ ಎನ್ನುವಷ್ಟರಲ್ಲಿ ಕತ್ತಿ ಕೆಳಗಿಟ್ಟು ಓಡಿದೆ.

ಏರಿ ಇಳಿಯುವಾಗಲೇ ಕುರಿಗಳ ಅರಚಾಟ ಕೇಳಿಸಿತು. ಮಾಳಮ್ಮ ಒಂದು ಕುರಿಯ ಮೇಲೆ ಮೊಣಕಾಲೂರಿ ಹಿಡಿದಿದ್ದಳು. ಅದರ ಪಕ್ಕೆಯ ಬಳಿ ಬಿಳಿ ಉಣ್ಣೆ ಕೆಂಪಾಗಿತ್ತು, ಗಾಯ ದೊಡ್ಡದಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಸಂಜೆ ಯಜಮಾನರು ಬಂದು ನೋಡಿದರೆ ಮುಗಿಯಿತು ಎಂದಳು. ನನಗೆ ಓಡಿ ಬಂದ ಉಸಿರು ಇನ್ನೂ ನಿಂತಿರಲಿಲ್ಲ.

"ಹಾಕವ್ವ" ಎಂದೆ.

"ನಿಮ್ ಅಂಗಡಿ?"

"ಹಾಕು ಅಂದ್ನಲ್ಲ."

ಅವಳು ಫೋನನ್ನು ಕೊಂಬೆಗೆ ಸಿಕ್ಕಿಸಿದಳು. ನನ್ನ ಒಡಕು ದನಿ, ಕಚಕಚ ಕತ್ತರಿ. ಒಂದೊಂದಾಗಿ ಕುರಿಗಳು ಬಾಯಿ ಮುಚ್ಚಿ ನೆರಳಿಗೆ ಬಂದು ನಿಂತವು. ನನಗೆ ಒಂದೊಂದಾಗಿ ಬಿಕ್ಕಳಿಕೆ ಶುರುವಾಯಿತು. ನಾನು ಗಾಯವಾದ ಕುರಿಯ ಪಕ್ಕ ಕೂತು, ಜೇಬಿನಲ್ಲಿದ್ದ ಪಟಿಕವನ್ನು ಒದ್ದೆ ಮಾಡಿ ಅದರ ಪಕ್ಕೆಗೆ ಒತ್ತಿದೆ. ಸಂಜೆ ಯಜಮಾನರು ಬಂದಾಗ ಈ ಗಾಯ ನನ್ನಿಂದ ಆದದ್ದು ಎಂದು ನಾನೇ ಹೇಳುತ್ತೇನೆ ಎಂದೆ. ನನಗೆ ಬಹಳ ಸಂತೋಷವಾಗಿತ್ತು. ಹೊಟ್ಟೆಪಾಡಿನ ಹೆದರಿಕೆಯೂ ಅಷ್ಟೇ ಇತ್ತು.

ಅಷ್ಟರಲ್ಲಿ ಮೇಷ್ಟ್ರು ಏದುಸಿರು ಬಿಡುತ್ತಾ ಏರಿ ಇಳಿದು ಬಂದರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಒಣಗಿದ ನೊರೆ, ಕುತ್ತಿಗೆಗೆ ನನ್ನ ಅಂಗಡಿಯ ಬಟ್ಟೆ. ನಾನು ಬಿಕ್ಕಳಿಕೆಯ ನಡುನಡುವೆ ವಿಷಯ ಹೇಳಿದೆ. ಉಣ್ಣೆಯ ಕೆಲಸ ಮುಗಿಯುವವರೆಗೆ ಅಂಗಡಿ ನಸುಕಿನಲ್ಲಿ ಒಂದಿಷ್ಟು ಹೊತ್ತು ಮಾತ್ರ, ಆಮೇಲೆ ಬೀಗ, ಬರುವವರು ಆಗಲೇ ಬರಲಿ, ಬಾರದವರು ಬೇರೆಡೆ ಹೋಗಲಿ ಎಂದೆ. ಮೇಷ್ಟ್ರು ನನ್ನನ್ನೂ ಕುರಿಗಳನ್ನೂ ನೋಡಿದರು.

"ಕುರಿ ಕೇಳ್ತವೆ ಅಂತ ಅಂಗಡಿ ಮುಚ್ತೀಯೇನೋ?" ಎಂದರು.

"ನೀವು ಕೇಳ್ಲಿಲ್ವಲ್ಲ ಮೇಷ್ಟ್ರೇ" ಎಂದೆ. ಅದನ್ನು ತಮಾಷೆಗೆ ಹೇಳಲು ಹೊರಟಿದ್ದೆ. ದನಿ ಬೇರೆಯಾಗಿ ಬಂತು.

ಮೇಷ್ಟ್ರು ಕುತ್ತಿಗೆಯ ಬಟ್ಟೆ ಬಿಚ್ಚಿ ಕೆನ್ನೆಯ ನೊರೆ ಒರೆಸಿಕೊಂಡರು. ಹಾಡು ಮುಗಿದಿತ್ತು. ನೆರಳಿನಲ್ಲಿ ಜಾಗ ಹುಡುಕಿ, ಎರಡು ಕುರಿಗಳನ್ನು ಆಚೆ ಸರಿಸಿ, ಅವುಗಳ ನಡುವೆ ಒಂದು ಕಲ್ಲಿನ ಮೇಲೆ ಕೂತು, "ಇನ್ನೊಂದ್ ಸಲ ಹಾಕಮ್ಮ" ಎಂದು ಮಾಳಮ್ಮನಿಗೆ ಹೇಳಿದರು. ಅವಳು ಹಾಕಿದಳು. ಆ ಸಲ ಬಂದ ಬಿಕ್ಕಳಿಕೆಗಳಲ್ಲಿ ಮೇಷ್ಟ್ರದು ಯಾವುದು, ಕುರಿಗಳದ್ದು ಯಾವುದು ಎಂದು ನನಗೆ ಗೊತ್ತಾಗಲಿಲ್ಲ.